ಲಾ ನಿನಾ ವರ್ಷ ಡಲ್ಲಾಸಿಗೆ ಬಾಣಂತನಕ್ಕೆ ಹೋಗಬಹುದೇ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಹೋದ ಸಂಚಿಕೆಯಲ್ಲಿ ಎಲ್ ನಿನೊ ಮತ್ತು ಮುಂಗಾರಿನ ಬಗ್ಗೆ ಬರೆದಿದ್ದೆವು. ಅದನ್ನು ಓದಿ ಮುಂಬಯಿ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮುಂಗಾರನ್ನು ಬಿಟ್ಟು ಸುಂಟರಗಾಳಿಯನ್ನು ಹಿಡಿದುಕೊಂಡಿವೆ. ಹಾಗಾಗಿ ಈ ಸಲದ ಪುಟಗಳು ಅದಕ್ಕೇ ಮೀಸಲು. ಪತ್ರಿಕೆಗಳಲ್ಲಿ ಸುಂಟರಗಾಳಿ, ಚಂಡಮಾರುತ, ಬಿರುಗಾಳಿ ಮೂರೂ ಕಲಸಿಹೋಗಿರುವುದರಿಂದ ಮೊದಲೇ ಬಿಡಿಸಿ ಹೇಳಿಬಿಡುತ್ತೇವೆ. ಇಲ್ಲಿ ಸುಂಟರಗಾಳಿ ಎಂದರೆ ಟೊರ್ನಾಡೊ: ಗುಡುಗುಮೋಡದ ತಳದಿಂದ ನೆಲ ಮುಟ್ಟುವ, ಗಿರಗಿರ ತಿರುಗುವ ಗಾಳಿಯ ಕಂಬ. ಅಗಲ ಕೆಲವು ಹತ್ತು ಮೀಟರಿನಿಂದ ಒಂದೆರಡು ಕಿಲೋಮೀಟರ್, ಆಯುಸ್ಸು ಸಾಮಾನ್ಯವಾಗಿ ನಿಮಿಷಗಳ ಲೆಕ್ಕ. 2020ರ ನಿಸರ್ಗ, 2021ರ ತೌಕ್ತೆ ಚಂಡಮಾರುತಗಳು. ಅವು ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಬಾಳುತ್ತವೆ.

ಪ್ರಶ್ನೆ: ಮಗಳು ಅಳಿಯ ಡಲ್ಲಾಸಿನಲ್ಲಿದ್ದಾರೆ. ಏಪ್ರಿಲ್ ಕೊನೆಗೆ ಹೆರಿಗೆ. ಬಾಣಂತನಕ್ಕೆಂದು ಟಿಕೆಟ್ ತೆಗೆಸಿ ಆಗಿದೆ. ‘ಈ ವರ್ಷ ಲಾ ನಿನಾ, ಟೆಕ್ಸಾಸಿನಲ್ಲಿ ಸುಂಟರಗಾಳಿ ಜಾಸ್ತಿ’ ಎಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಪೆಸಿಫಿಕ್ ಸಾಗರದ ನೀರು ತಣ್ಣಗಾದರೆ ಟೆಕ್ಸಾಸಿನಲ್ಲಿ ಗಾಳಿ ಏಳುವುದು ಹೇಗೆ? ಹೋಗುವುದೋ ಬಿಡುವುದೋ?
(ಒಬ್ಬ ತಾಯಿ, ಡೊಂಬಿವಲಿ ಪೂರ್ವ)

ಉತ್ತರ: ಹೋಗಿ ಬನ್ನಿ ತಾಯಿ, ಟಿಕೆಟ್ ರದ್ದು ಮಾಡಬೇಡಿ. ವಾಟ್ಸಾಪಿನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರಿಂದ ನಿಮ್ಮ ಮಗಳ ಮನೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ದೊಡ್ಡ ಸುಂಟರಗಾಳಿ ಏಳಲು ನಾಲ್ಕು ಸಾಮಗ್ರಿ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕೂಡಬೇಕು. ಮೊದಲನೆಯದು ನೆಲದ ಹತ್ತಿರ ಬೆಚ್ಚಗಿನ ತೇವದ ಗಾಳಿ. ಅಮೆರಿಕದ ಬಯಲಿಗೆ ಇದು ಮೆಕ್ಸಿಕೊ ಕೊಲ್ಲಿಯಿಂದ ಬರುತ್ತದೆ. ಎರಡನೆಯದು ಅದರ ಮೇಲೆ ರಾಕಿ ಪರ್ವತದ ಕಡೆಯಿಂದ ಹಾಯುವ ಒಣಗಾಳಿಯ ಪದರ. ಹಾಲಿನ ಮೇಲೆ ಕೆನೆ ಕಟ್ಟಿದಾಗ ಉಕ್ಕುವುದು ತಡವಾಗುತ್ತದೆ, ಉಕ್ಕಿದರೆ ಒಮ್ಮೆಗೇ ಒಲೆಯ ಮೇಲೆ ಚೆಲ್ಲುತ್ತದೆ. ಈ ಪದರದ ಕೆಲಸವೂ ಅದೇ: ಮಧ್ಯಾಹ್ನದವರೆಗೆ ಶಾಖವನ್ನು ಕೆಳಗೇ ಅದುಮಿ ಹಿಡಿದು ಆಮೇಲೆ ಒಮ್ಮೆಗೇ ಬಿಡುತ್ತದೆ. ಮೂರನೆಯದು ಈ ಕೆನೆಯನ್ನು ಒಡೆಯುವ ಎತ್ತುವಿಕೆ, ಅಂದರೆ ತಣ್ಣನೆಯ ಅಥವಾ ಒಣ ಗಾಳಿಯ ಅಂಚು. ನಾಲ್ಕನೆಯದು ವಿಂಡ್ ಶಿಯರ್: ಎತ್ತರಕ್ಕೆ ಹೋದಂತೆ ಗಾಳಿಯ ವೇಗ, ದಿಕ್ಕು ಬದಲಾಗುವುದು.

ಈ ನಾಲ್ಕನೆಯದೇ ಇಡೀ ವಿಷಯದ ಕೀಲಿ. ಎರಡು ಅಂಗೈಗಳ ನಡುವೆ ಒಂದು ಪೆನ್ಸಿಲ್ ಅಡ್ಡ ಇಟ್ಟು, ಕೆಳಗಿನ ಕೈಯನ್ನು ಅಲುಗಿಸದೆ ಮೇಲಿನ ಕೈಯನ್ನು ಮುಂದಕ್ಕೆ ಜಾರಿಸಿ. ಪೆನ್ಸಿಲ್ ಉರುಳುತ್ತದೆ. ನೆಲದ ಗಾಳಿ ನಿಧಾನ, ಮೇಲಿನ ಗಾಳಿ ಜೋರು ಇದ್ದಾಗ ನಡುವಿನ ಗಾಳಿಯೂ ಹೀಗೆಯೇ ಮಲಗಿದಂತೆ ಉರುಳುತ್ತಿರುತ್ತದೆ. ಗುಡುಗುಮೋಡದ ಮೇಲ್ಮುಖ ಪ್ರವಾಹ ಅದನ್ನು ನಡುವೆ ಹಿಡಿದು ಎತ್ತಿದರೆ, ಮಲಗಿದ್ದ ಉರುಳು ಎದ್ದು ನಿಂತು ಮೋಡವೇ ತಿರುಗತೊಡಗುತ್ತದೆ. ಅದು ಸೂಪರ್‌ಸೆಲ್. ಭೀಕರ ಸುಂಟರಗಾಳಿಗಳಲ್ಲಿ ಬಹುಪಾಲು ಇಂಥ ಮೋಡದ್ದೇ ಮಕ್ಕಳು.

ಈಗ ಪೆಸಿಫಿಕ್ ಮಾತು. ಸಮಭಾಜಕದ ಬಳಿ ಆ ಸಾಗರದ ಮೇಲ್ಮೈ ವಾಡಿಕೆಗಿಂತ ಬಿಸಿಯಾದರೆ ಎಲ್ ನಿನೊ, ತಂಪಾದರೆ ಲಾ ನಿನಾ. ಸಮುದ್ರ ಎಲ್ಲಿ ಬಿಸಿಯೋ ಅಲ್ಲಿ ಮೋಡ ಕಟ್ಟುತ್ತದೆ. ಮೋಡ ಕಟ್ಟುವ ಜಾಗ ಸರಿದರೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಜೆಟ್ ಗಾಳಿಯ ದಾರಿಯೂ ಸರಿಯುತ್ತದೆ. ಲಾ ನಿನಾ ಇದ್ದಾಗ ಜೆಟ್ ಹೆಚ್ಚು ಡೊಂಕಾಗಿ ಅಮೆರಿಕದ ಪಶ್ಚಿಮಕ್ಕೆ ತಗ್ಗು ಬೀಳುತ್ತದೆ, ಮುಂದಿನ ದಕ್ಷಿಣದ ಗಾಳಿ ಕೊಲ್ಲಿಯ ತೇವವನ್ನು ಒಳನಾಡಿಗೆ ಎಳೆಯುತ್ತದೆ. ತೇವ, ಶಿಯರ್ ಎರಡೂ ಒಂದೇ ಕಡೆ ಕೂಡುವ ಸಂದರ್ಭ ಹೆಚ್ಚುತ್ತದೆ. ಎಲ್ ನಿನೊ ಇದ್ದಾಗ ಜೆಟ್ ದಕ್ಷಿಣಕ್ಕೆ ಇಳಿದು ಕೊಲ್ಲಿಯ ಅಂಚಿನಲ್ಲೇ ನೇರವಾಗಿ ಹರಿಯುತ್ತದೆ. ತಣ್ಣನೆಯ ಗಾಳಿ ಮೇಲಿಂದ ಮೇಲೆ ಬಂದು ಕೊಲ್ಲಿಯ ತೇವವನ್ನು ಗುಡಿಸಿಹಾಕುತ್ತದೆ. 2015ರಲ್ಲಿ ಪ್ರಕಟವಾದ ಅಲೆನ್, ಟಿಪ್ಪೆಟ್, ಸೋಬೆಲ್ ಅವರ ಅಧ್ಯಯನ ಇದನ್ನೇ ತೋರಿಸಿತು: ಮಾರ್ಚ್‌ನಿಂದ ಮೇವರೆಗೆ ಒಕ್ಲಹೋಮ, ಅರ್ಕನ್ಸಾಸ್, ಉತ್ತರ ಟೆಕ್ಸಾಸ್ ಸುತ್ತ ಲಾ ನಿನಾದಲ್ಲಿ ಸುಂಟರಗಾಳಿ, ಆಲಿಕಲ್ಲು ಎರಡೂ ಹೆಚ್ಚು, ಎಲ್ ನಿನೊದಲ್ಲಿ ಕಡಿಮೆ.

1974ರ ಏಪ್ರಿಲ್ 3-4ರಂದು 13 ರಾಜ್ಯಗಳಲ್ಲಿ 148 ಸುಂಟರಗಾಳಿ ಎದ್ದದ್ದು ಲಾ ನಿನಾ ಕಾಲದಲ್ಲಿ. 2011ರ ಏಪ್ರಿಲ್ 25ರಿಂದ 28ರವರೆಗಿನ ನಾಲ್ಕು ದಿನದಲ್ಲಿ ಸುಮಾರು 360 ಎದ್ದು 300ಕ್ಕೂ ಹೆಚ್ಚು ಜನ ಸತ್ತದ್ದೂ ಹಾಗೆಯೇ. ಹೀಗೆ ಒಂದೇ ಹವಾಮಾನದ ಏರ್ಪಾಡಿನಿಂದ ಸಾಲುಸಾಲಾಗಿ ಏಳುವುದನ್ನು ಔಟ್‌ಬ್ರೇಕ್ ಎನ್ನುತ್ತಾರೆ, ನಾವು ಸುಂಟರಗಾಳಿಯ ದಾಳಿ ಎನ್ನೋಣ.

ಇಷ್ಟು ಓದಿ ಹೆದರಬೇಡಿ, ಎದುರು ಸಾಕ್ಷಿಯೂ ಇದೆ. 2012ರ ವಸಂತಕ್ಕೆ ಹಿಂದಿನ ಚಳಿಗಾಲವೂ ಲಾ ನಿನಾದ್ದೇ. ಮಾರ್ಚ್, ಏಪ್ರಿಲ್‌ನಲ್ಲಿ ದಾಳಿಗಳು ನಡೆದರೂ ಆ ಮೇ, ಜೂನ್ ಸುಂಟರಗಾಳಿಯ ಮಟ್ಟಿಗೆ ವಾಡಿಕೆಗಿಂತ ಎಷ್ಟೋ ಶಾಂತವಾಗಿ ಕಳೆದವು. ಇನ್ನೊಂದು ಕಡೆ, ನಿಮ್ಮ ಡಲ್ಲಾಸಿನ ಪಕ್ಕದ ಗಾರ್ಲಂಡ್, ರೌಲೆಟ್‌ಗಳನ್ನು ಹೊಡೆದು 10 ಜನರನ್ನು ಬಲಿ ತೆಗೆದುಕೊಂಡ ಸುಂಟರಗಾಳಿ ಬಂದದ್ದು 2015ರ ಡಿಸೆಂಬರ್ 26ರಂದು. ಆಗ ಇದ್ದದ್ದು ಪ್ರಬಲ ಎಲ್ ನಿನೊ, ಏಪ್ರಿಲ್ ಅಲ್ಲ, ಕ್ರಿಸ್‌ಮಸ್ ಮಾರನೆಯ ದಿನ! ಫ್ಲಾರಿಡಾದಲ್ಲಂತೂ ಲೆಕ್ಕವೇ ತಿರುವುಮುರುವು: ಎಲ್ ನಿನೊ ಚಳಿಗಾಲದಲ್ಲಿ ಅಪಾಯ ಹೆಚ್ಚು. 1998ರ ಫೆಬ್ರುವರಿ 22-23ರ ರಾತ್ರಿ ಅಲ್ಲಿ 42 ಜನ ತೀರಿಕೊಂಡರು. ಲಾ ನಿನಾ ಎಂಬ ಒಂದು ಪದ ಹಿಡಿದು ಒಂದು ಊರಿನ ಒಂದು ತಿಂಗಳ ಭವಿಷ್ಯ ಹೇಳುವವರನ್ನು ನಂಬಬೇಡಿ. ಅದು ಹೇಳುವುದು ಒಂದು ವಿಶಾಲ ಪ್ರದೇಶದ, ಇಡೀ ಋತುವಿನ ಒಲವನ್ನು ಮಾತ್ರ.

ಹೋದ ಮೇಲೆ ಮಾಡಬೇಕಾದದ್ದು ನಿಜಕ್ಕೂ ಮುಖ್ಯ. ಇಳಿದ ವಾರದಲ್ಲೇ ಮಗಳ ಜೊತೆ ಕೂತು ಮನೆಯಲ್ಲಿ ಜಾಗ ಗೊತ್ತುಮಾಡಿ. ಡಲ್ಲಾಸಿನ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುವುದಿಲ್ಲ. ಆದ್ದರಿಂದ ಕೆಳ ಅಂತಸ್ತು, ಮನೆಯ ನಟ್ಟನಡುವೆ, ಕಿಟಕಿ ಇಲ್ಲದ ಬಚ್ಚಲು ಅಥವಾ ಬಟ್ಟೆಯ ಕೋಣೆ. ನಿಮ್ಮ ಮತ್ತು ಹೊರಗಿನ ಗಾಳಿಯ ನಡುವೆ ಎಷ್ಟು ಗೋಡೆ ಬಂದರೆ ಅಷ್ಟು ಒಳ್ಳೆಯದು. ಗ್ಯಾರೇಜ್ ಬೇಡವೇ ಬೇಡ. ಅದರ ಅಗಲದ ಬಾಗಿಲು ಮೊದಲು ಒಳಕ್ಕೆ ಬೀಳುತ್ತದೆ, ಗಾಳಿ ಹೊಕ್ಕು ಛಾವಣಿಯನ್ನು ಎತ್ತುತ್ತದೆ. ಮನೆ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದರೆ ಕೆಳಗಿನವರೊಡನೆ ಈಗಲೇ ಮಾತಾಡಿಡಿ.

ಆ ಕೋಣೆಯಲ್ಲಿ ಗಟ್ಟಿ ಅಟ್ಟೆಯ ಷೂ (ಆಮೇಲೆ ನಡೆಯುವುದು ಒಡೆದ ಗಾಜಿನ ಮೇಲೆ, ಬರಿಗಾಲಲ್ಲಿ ಹೊರಬಂದು ಕಾಲು ಕುಯ್ದುಕೊಳ್ಳುವವರು ಬಹಳ), ಸೈಕಲ್ ಹೆಲ್ಮೆಟ್, ಟಾರ್ಚ್, ನೀರು, ನಿಮ್ಮ ಬಿಪಿ ಸಕ್ಕರೆ ಕಾಯಿಲೆಯ ಮಾತ್ರೆ, ಪಾಸ್‌ಪೋರ್ಟು ಇರಲಿ. ಕೂಸನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ಕಾರಿನಲ್ಲಿ ಕೂರಿಸುವ ಅದರ ತೊಟ್ಟಿಲುಸೀಟಿಗೆ ಬೆಲ್ಟ್ ಹಾಕಿ ಕಟ್ಟಿ, ಅದರ ಮೇಲೆ ನೀವು ಬಾಗಿ, ಎಲ್ಲರ ಮೇಲೆ ಒಂದು ದಪ್ಪ ಹಾಸಿಗೆ. ಕೈಯಿಂದ ಕೂಸು ಜಾರುವುದು ನಮ್ಮ ಹಿಡಿತ ಸಡಿಲ ಎಂದಲ್ಲ, ಅಂಥ ಗಾಳಿಯ ಮುಂದೆ ಯಾರ ಹಿಡಿತವೂ ನಿಲ್ಲುವುದಿಲ್ಲ.

ಫೋನಿಗೆ ಎರಡು ಬಗೆಯ ಸೂಚನೆ ಬರುತ್ತದೆ. ‘ಟೊರ್ನಾಡೊ ವಾಚ್’ ಎಂದರೆ ಸಾಮಗ್ರಿ ಕೂಡಿವೆ, ಮುಂದಿನ ಆರೆಂಟು ಗಂಟೆ ಎಚ್ಚರ: ಫೋನ್ ಚಾರ್ಜ್ ಮಾಡಿ, ಕೂಸಿನ ಹಾಲು ತೆಗೆದಿಡಿ, ದೂರದ ಅಂಗಡಿಗೆ ಹೋಗಬೇಡಿ. ‘ಟೊರ್ನಾಡೊ ವಾರ್ನಿಂಗ್’ ಎಂದರೆ ರೇಡಾರಿನಲ್ಲಿ ತಿರುಗುವಿಕೆ ಕಂಡಿದೆ ಅಥವಾ ಯಾರೋ ಕಣ್ಣಾರೆ ನೋಡಿದ್ದಾರೆ, ಆ ಕ್ಷಣ ಒಳಗೆ ಹೋಗಿ. ಸಿಗುವ ಸಮಯ ಸರಾಸರಿ ಹತ್ತು ನಿಮಿಷದ ಆಸುಪಾಸು. ಹತ್ತು ವಾರ್ನಿಂಗಿನಲ್ಲಿ ಏಳರಷ್ಟು ಸುಂಟರಗಾಳಿ ಇಲ್ಲದೆಯೇ ಮುಗಿಯುತ್ತವೆ. ಮೂರನೆಯ ಸಲಕ್ಕೆ ‘ಅಯ್ಯೋ, ಹೋದ ಸಲವೂ ಹೀಗೇ ಆಯ್ತು’ ಎಂದು ಅಡುಗೆಮನೆಯಲ್ಲೇ ಉಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೀದಿಯ ಸೈರನ್ ಹೊರಗಿರುವವರಿಗಾಗಿ ಇರುವುದು, ರಾತ್ರಿ ಎಸಿ ಹಾಕಿ ಮಲಗಿದವರಿಗೆ ಕೇಳದು. ಅದನ್ನು ಆಗಾಗ ಪರೀಕ್ಷೆಗೂ ಊದುತ್ತಾರೆ. ಯಾವ ದಿನ ಎಂದು ಅಳಿಯಂದಿರನ್ನು ಕೇಳಿಟ್ಟುಕೊಂಡರೆ ಮೊದಲ ಸಲ ಗಾಬರಿಯಾಗುವುದು ತಪ್ಪುತ್ತದೆ. ಒತ್ತಡ ಸಮವಾಗಲಿ ಎಂದು ಕಿಟಕಿ ತೆರೆಯುವುದು, ಕಾರಿನಲ್ಲಿದ್ದವರು ಫ್ಲೈಓವರ್ ಕೆಳಗೆ ನಿಲ್ಲುವುದು ಎರಡೂ ತಪ್ಪು ಉಪಾಯಗಳು. ಸೇತುವೆಯ ಕೆಳಗೆ ಗಾಳಿ ಇಕ್ಕಟ್ಟಿಗೆ ಸಿಕ್ಕು ಇನ್ನೂ ಜೋರಾಗುತ್ತದೆ.

ಪ್ರಶ್ನೆ: ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಮೆರಿಕದ ಸುಂಟರಗಾಳಿ ದತ್ತಾಂಶ ಇಳಿಸಿಕೊಂಡು, 1950ರಿಂದ ಪ್ರತಿ ವರ್ಷದ ಒಟ್ಟು ಸಂಖ್ಯೆಯನ್ನು ಎಲ್ ನಿನೊ ಸೂಚ್ಯಂಕದ ವಾರ್ಷಿಕ ಸರಾಸರಿಯೊಂದಿಗೆ ಹೋಲಿಸಿದೆ. ಸಂಬಂಧ ಸೊನ್ನೆಯ ಹತ್ತಿರ ಬಂತು. ನಿಮ್ಮ ಲೇಖನದಲ್ಲಿ ಸಂಬಂಧ ಇದೆ ಎಂದಿರಿ. ತಪ್ಪು ಯಾರದು?
(ವಿದ್ಯಾರ್ಥಿ, ಕೋಥರೂಡ್, ಪುಣೆ)

ಉತ್ತರ: ತಪ್ಪು ದತ್ತಾಂಶವನ್ನು ಹಾಗೆಹಾಗೆಯೇ ಬಳಸಿದ್ದರಲ್ಲಿದೆ. ಸಂಬಂಧ ಇರುವುದು ನಿಜ, ಆದರೆ ನಾಲ್ಕೈದು ಪದರದ ಗದ್ದಲದ ಕೆಳಗೆ ಹೂತಿದೆ. ನಿಮ್ಮ ಗೈಡ್ ಒಪ್ಪಿದರೆ ಹೀಗೆ ಮಾಡಿ ನೋಡಿ.

ಮೊದಲು ಸಣ್ಣ ಸುಂಟರಗಾಳಿಗಳನ್ನು ಕೈಬಿಡಿ. 1950ರ ದಶಕದ ಆರಂಭದಲ್ಲಿ ವರ್ಷಕ್ಕೆ ಕೆಲವೇ ನೂರು ದಾಖಲಾಗುತ್ತಿದ್ದವು, ಈಗ ಸುಮಾರು 1,200. ಗಾಳಿ ಹೆಚ್ಚಾಗಿದ್ದಲ್ಲ, ನೋಡುವ ಕಣ್ಣು ಹೆಚ್ಚಾದದ್ದು. 1990ರ ದಶಕದಲ್ಲಿ ಡಾಪ್ಲರ್ ರೇಡಾರ್ ಜಾಲ ಬಂತು, ಆಮೇಲೆ ಎಲ್ಲರ ಕೈಗೂ ಮೊಬೈಲ್ ಕ್ಯಾಮೆರಾ. ಹಾನಿ ನೋಡಿ ಸುಂಟರಗಾಳಿಗೆ ಶ್ರೇಣಿ ಕೊಡುವ ಫುಜಿತಾ ಮಾಪಕದಲ್ಲಿ (ಎಫ್, ಅದರ ಹೊಸ ರೂಪ ಇಎಫ್) ಹೆಚ್ಚಳವೆಲ್ಲ ಅತಿ ದುರ್ಬಲವಾದ ಎಫ್‌0 ಅಥವಾ ಇಎಫ್‌0 ವರ್ಗದಲ್ಲಿದೆ. ಇಎಫ್‌1 ಮತ್ತು ಮೇಲಿನವನ್ನು ಮಾತ್ರ ತೆಗೆದುಕೊಂಡರೆ ವರ್ಷಕ್ಕೆ 500ರ ಆಸುಪಾಸು, ಏರಿಕೆಯ ಓಟ ಕಾಣುವುದಿಲ್ಲ. ಇನ್ನೊಂದು ಹೊಂಡ 1970ರ ದಶಕದ ನಡುಭಾಗದ ಹಿಂದಿನ ಶ್ರೇಣಿಗಳು: ಫುಜಿತಾ ಮಾಪಕ ಬಂದದ್ದೇ 1971ರಲ್ಲಿ. ಅದಕ್ಕೂ ಹಿಂದಿನವಕ್ಕೆ ಹಳೆಯ ಪತ್ರಿಕಾ ವರದಿ ಓದಿ ಶ್ರೇಣಿ ಕೊಟ್ಟದ್ದು, ಅದು ಸ್ವಲ್ಪ ಧಾರಾಳವಾಗಿದೆ. 1979ರಿಂದ ಆರಂಭಿಸುವುದು ಕ್ಷೇಮ. ಹಾಗೆಯೇ ರಾಜ್ಯದ ಗಡಿ ದಾಟಿದ ಸುಂಟರಗಾಳಿ ಕಡತದಲ್ಲಿ ತುಂಡುತುಂಡಾಗಿಯೂ ಕೂತಿರುತ್ತದೆ. ನೋಡಿಕೊಳ್ಳದೆ ಎಣಿಸಿದರೆ ಒಂದೇ ಗಾಳಿ ಎರಡು ಮೂರು ಸಲ ಲೆಕ್ಕಕ್ಕೆ ಬರುತ್ತದೆ.

ಎರಡನೆಯದಾಗಿ, ಇಡೀ ವರ್ಷ, ಇಡೀ ದೇಶ ಎಂದು ಕೂಡಿಸಬೇಡಿ. ಮೇಲಿನ ಉತ್ತರದಲ್ಲಿ ಹೇಳಿದಂತೆ ಎಲ್ ನಿನೊ ಫ್ಲಾರಿಡಾದಲ್ಲಿ ಚಳಿಗಾಲದಲ್ಲಿ ಹೆಚ್ಚಿಸುತ್ತದೆ, ಒಕ್ಲಹೋಮದಲ್ಲಿ ವಸಂತದಲ್ಲಿ ಕಡಿಮೆ ಮಾಡುತ್ತದೆ. ಕೂಡಿಸಿದಿರೋ, ಒಂದನ್ನೊಂದು ತಿಂದುಹಾಕುತ್ತವೆ. ನಿಮ್ಮ ಸೊನ್ನೆ ಬಹುಪಾಲು ಇಲ್ಲಿಂದಲೇ ಬಂದದ್ದು. ಮಾರ್ಚ್‌ನಿಂದ ಮೇವರೆಗಿನ ದಾಖಲೆ ಮಾತ್ರ ಇಟ್ಟುಕೊಳ್ಳಿ, ಉತ್ತರ ಅಕ್ಷಾಂಶ 30ರಿಂದ 37, ಪಶ್ಚಿಮ ರೇಖಾಂಶ 85ರಿಂದ 100ರ ಚೌಕ ಹಾಕಿ. ಸೂಚ್ಯಂಕಕ್ಕೆ ನಿನೊ 3.4 ವಲಯದ್ದು ಬಳಸಿ (ಸಮಭಾಜಕದ ಆಚೀಚೆ 5 ಡಿಗ್ರಿ, ಪಶ್ಚಿಮ ರೇಖಾಂಶ 170ರಿಂದ 120). ವಾರ್ಷಿಕ ಸರಾಸರಿ ಬೇಡ, ಡಿಸೆಂಬರ್‌ನಿಂದ ಫೆಬ್ರುವರಿಯದು ತೆಗೆದುಕೊಳ್ಳಿ. ಎಲ್ ನಿನೊ ಸಾಮಾನ್ಯವಾಗಿ ಚಳಿಗಾಲದಲ್ಲಿ ತುತ್ತತುದಿ ಮುಟ್ಟಿ ಬೇಸಿಗೆಗೆ ಇಳಿಯುವುದರಿಂದ ಜನವರಿಯಿಂದ ಡಿಸೆಂಬರ್‌ವರೆಗಿನ ಸರಾಸರಿಯಲ್ಲಿ ಎರಡು ಬೇರೆ ಬೇರೆ ಕಂತುಗಳು ಕಲಸಿಹೋಗುತ್ತವೆ.

ಮೂರನೆಯದು ಸಂಖ್ಯಾಶಾಸ್ತ್ರದವರೇ ಹೆಚ್ಚಾಗಿ ಎಡವುವ ಜಾಗ. ಒಂದೊಂದು ಸುಂಟರಗಾಳಿಯೂ ಸ್ವತಂತ್ರ ಘಟನೆ ಎಂದುಕೊಂಡು ಪಾಯ್ಸಾನ್ ಮಾದರಿ ಹಾಕುತ್ತೀರಿ. ಒಂದು ದಾಳಿಯ ಇನ್ನೂರು ಗಾಳಿಗೆ ತಾಯಿ ಒಬ್ಬಳೇ, ಅವು ಇನ್ನೂರು ಸಾಕ್ಷಿಗಳಲ್ಲ. ದಾಳಿಗಳಾಗಿ ಗುಂಪು ಮಾಡಿ: ಒಂದರ ಆರಂಭಕ್ಕೂ ಮುಂದಿನದರ ಆರಂಭಕ್ಕೂ 6 ಗಂಟೆಗಿಂತ ಹೆಚ್ಚು ಅಂತರ ಬೀಳದೆ 6 ಅಥವಾ ಹೆಚ್ಚು ಇಎಫ್‌1 ಮೇಲಿನವು ಬಂದರೆ ಒಂದು ದಾಳಿ. ಸಂಶೋಧಕರು ಬಳಸುವ ವ್ಯಾಖ್ಯೆಯೂ ಇದೇ. ಆಮೇಲೆ ದಾಳಿಗಳ ಸಂಖ್ಯೆ ಬೇರೆ, ಪ್ರತಿ ದಾಳಿಯ ಗಾತ್ರ ಬೇರೆ ಎಂದು ಎರಡು ಸರಣಿ ಮಾಡಿ. ಸ್ಪಿಯರ್‌ಮನ್ ಶ್ರೇಣಿ ಸಹಸಂಬಂಧ ಬಳಸಿ, ಪಿಯರ್‌ಸನ್ ಬೇಡ. 2011 ಎಂಬ ಒಂದೇ ವರ್ಷ ಇಡೀ ಗೆರೆಯನ್ನು ತನ್ನ ಕಡೆಗೆ ಎಳೆದುಬಿಡುತ್ತದೆ. 2011 ಇಟ್ಟೂ ತೆಗೆದೂ ಎರಡು ಸಲ ಲೆಕ್ಕ ಹಾಕಿ, ಎರಡನ್ನೂ ವರದಿಯಲ್ಲಿ ಬರೆಯಿರಿ. ಮಹತ್ವದ ಪರೀಕ್ಷೆಗೆ ವರ್ಷಗಳನ್ನು 10,000 ಸಲ ಕಲೆಸಿ ಹೋಲಿಸಿ. 1998ರಿಂದ 2001, 2020ರಿಂದ 2023 ಹೀಗೆ ಲಾ ನಿನಾ ಸತತ ಮೂರು ಚಳಿಗಾಲ ಕೂತದ್ದುಂಟು. ಆ ಮೂರನ್ನು ಮೂರು ಸ್ವತಂತ್ರ ಮಾದರಿ ಎಂದುಕೊಂಡರೆ ಫಲಿತಾಂಶ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಆದ್ದರಿಂದ ಕಲೆಸುವಾಗ ಬಿಡಿ ವರ್ಷಗಳನ್ನಲ್ಲ, ಎರಡು ಮೂರು ವರ್ಷಗಳ ಕಂತುಗಳನ್ನು ಕಲೆಸಿ.

ಸಮಯ ಉಳಿದರೆ ಎಣಿಕೆಯನ್ನು ಬಿಟ್ಟು ವಾತಾವರಣವನ್ನೇ ಅಳೆಯಿರಿ. ಮರುವಿಶ್ಲೇಷಣೆಯ (ಹಳೆಯ ಅಳತೆಗಳನ್ನು ಕಂಪ್ಯೂಟರ್ ಮಾದರಿಯಲ್ಲಿ ಹಾಯಿಸಿ ಕಟ್ಟಿದ ವಾತಾವರಣದ ದಾಖಲೆ) ದತ್ತಾಂಶದಿಂದ ಕೇಪ್ (ಮೋಡ ಮೇಲೇರಲು ಸಿಗುವ ಶಕ್ತಿ) ಕಿಲೋಗೆ 1,000 ಜೂಲ್ ಮೀರಿದ, ನೆಲದಿಂದ 6 ಕಿಲೋಮೀಟರ್‌ವರೆಗಿನ ಶಿಯರ್ ಸೆಕೆಂಡಿಗೆ 20 ಮೀಟರ್ ಮೀರಿದ ದಿನಗಳನ್ನು ಎಣಿಸಿ. ನೋಡುವವರ ಸಂಖ್ಯೆ ಏರಿದರೂ ಇಳಿದರೂ ಇದು ಬದಲಾಗದು, ಹಾಗಾಗಿ ಹವಾಮಾನದ ಏರಿಳಿತದ ಗುರುತು ಇಲ್ಲಿ ಹೆಚ್ಚು ನಿಚ್ಚಳ. ಇಷ್ಟೆಲ್ಲ ಮಾಡಿದ ಮೇಲೂ ಬರುವ ಸಹಸಂಬಂಧ ಸಾಧಾರಣದ್ದೇ. 0.9 ಬಂದರೆ ಸಂಭ್ರಮಪಡದೆ ಕೋಡ್ ತಿರುಗಿ ನೋಡಿ.

ಒಂದು ಮಾತು ಸೇರಿಸಲೇಬೇಕು. ನೀವು ಶಿವಾಜಿನಗರಕ್ಕೆ ಹೋಗುವಾಗ ‘ಶಿಮ್ಲಾ ಆಫೀಸ್’ ಎಂಬ ಕಲ್ಲಿನ ಕಟ್ಟಡ ನೋಡಿರುತ್ತೀರಿ. ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದದ್ದರಿಂದ ಆ ಹೆಸರು. ಆ ಇಲಾಖೆಯ ಮುಖ್ಯಸ್ಥರಾಗಿ 1904ರಿಂದ 1924ರವರೆಗೆ ಇದ್ದ ಗಿಲ್ಬರ್ಟ್ ವಾಕರ್, ನಮ್ಮ ಮುಂಗಾರನ್ನು ಮುಂಚಿತವಾಗಿ ಹೇಳಲು ಲೋಕದ ಒತ್ತಡದ ದಾಖಲೆಗಳನ್ನೆಲ್ಲ ತಾಳೆ ಹಾಕುತ್ತ ಹಾಕುತ್ತ ‘ದಕ್ಷಿಣದ ಓಲಾಟ’ವನ್ನು, ಅಂದರೆ ಪೆಸಿಫಿಕ್‌ನ ಪೂರ್ವ, ಪಶ್ಚಿಮ ಬದಿಗಳ ಗಾಳಿಯ ಒತ್ತಡ ಏತದಂತೆ ಏರಿಳಿಯುವುದನ್ನು, ಗುರುತಿಸಿದರು. ಅದು ಎಲ್ ನಿನೊದ ಜೋಡಿ ಎಂದು 1969ರಲ್ಲಿ ಬ್ಯರ್ಕ್‌ನೆಸ್ ತೋರಿಸಿದರು. ವಾಕರ್ ಗಣಿತದವರು, ಕೈಯಲ್ಲಿದ್ದದ್ದು ನಿಮ್ಮ ಕೈಯಲ್ಲಿರುವ ಸಹಸಂಬಂಧದ ಸೂತ್ರವೇ. ನಿಮ್ಮ ಪ್ರಾಜೆಕ್ಟಿನ ಬೇರು ಆ ಹವಾಮಾನ ಇಲಾಖೆಯಲ್ಲೇ ಇದೆ.

ಪ್ರಶ್ನೆ: ಋತುವಿನ ಒಲವು ಬಿಡಿ, ಮೂರು ವಾರ ಮುಂಚೆ ಏನಾದರೂ ಹೇಳಬಹುದೇ?
(ನಿವೃತ್ತ ಉಪಾಧ್ಯಾಯರು, ಪಿಂಪ್ರಿ)

ಉತ್ತರ: ಕೆಲವೊಮ್ಮೆ ಹೇಳಬಹುದು, ಮತ್ತು ಅದರ ಸುಳಿವು ನಮ್ಮ ಹಿಂದೂ ಮಹಾಸಾಗರದಲ್ಲೇ ಸಿಗುತ್ತದೆ. 1971ರಲ್ಲಿ ಮ್ಯಾಡನ್ ಮತ್ತು ಜೂಲಿಯನ್ ಗುರುತಿಸಿದ ಒಂದು ಮೋಡಗಳ ಮೆರವಣಿಗೆ ಇದೆ. ಆಫ್ರಿಕದ ಕಡೆಯಿಂದ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗಿ 30ರಿಂದ 60 ದಿನದಲ್ಲಿ ಭೂಮಿಯನ್ನು ಸುತ್ತುತ್ತದೆ. ಕೇರಳಕ್ಕೆ ಮುಂಗಾರು ಬೇಗ ಬರುವುದು, ಬಂದದ್ದು ನಡುವೆ ನಿಲ್ಲುವುದು, ಇದರಲ್ಲಿ ಅದರ ಕೈ ದೊಡ್ಡದು. ಪೆಸಿಫಿಕ್ ಹೊಕ್ಕ ಮೇಲೆ ಅದು ಜೆಟ್ ಗಾಳಿಯಲ್ಲಿ ಅಲೆ ಎಬ್ಬಿಸುತ್ತದೆ, ಆ ಅಲೆ ಎರಡು ಮೂರು ವಾರದಲ್ಲಿ ಅಮೆರಿಕದ ಮೇಲೆ ತಗ್ಗಾಗಿ ಕೂರಬಹುದು. 2019ರ ಮೇ ತಿಂಗಳಲ್ಲಿ ಅಲ್ಲಿ 500ಕ್ಕೂ ಹೆಚ್ಚು ಸುಂಟರಗಾಳಿ ಎದ್ದವು. ಆ ತಿಂಗಳು ಬಿರುಸಾಗಿರುತ್ತದೆಂದು ವಿಕ್ಟರ್ ಜೆನ್ಸಿನಿ ಮತ್ತು ಸಂಗಡಿಗರು ವಾರಗಳ ಮೊದಲೇ ಹೇಳಿದ್ದರು. ಎಲ್ಲ ತಿಂಗಳೂ ಹೀಗೆ ಸಿಗುವುದಿಲ್ಲ. ಮೆರವಣಿಗೆ ದುರ್ಬಲವಾಗಿದ್ದಾಗ ಮೂರು ವಾರದ ಮುನ್ನೋಟಕ್ಕೆ ಆಧಾರವೇ ಇರದು.

ಪ್ರಶ್ನೆ: 2024ರ ಮೇ 13ರ ಸಂಜೆ ಘಾಟ್ಕೋಪರದಲ್ಲಿ ಹೋರ್ಡಿಂಗ್ ಬಿದ್ದ ದಿನ ಬಂದದ್ದು ಸುಂಟರಗಾಳಿಯೇ? ಮುಂಬಯಿಗೂ ಟೊರ್ನಾಡೊ ಬರುತ್ತದೆಯೇ?
(ಓದುಗರು, ಚೆಂಬೂರು)

ಉತ್ತರ: ಅಲ್ಲ. ಅದು ಗುಡುಗುಮೋಡದ ಮುಂದೆ ನುಗ್ಗಿದ ಬಿರುಗಾಳಿ, ಧೂಳಿನೊಂದಿಗೆ. ಮೋಡದಲ್ಲಿ ಮಳೆ ಆವಿಯಾಗಿ ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಸುರಿದು, ನೆಲ ಮುಟ್ಟಿ, ಚೆಲ್ಲಿದ ನೀರಿನಂತೆ ಎಲ್ಲ ಕಡೆ ಹರಡುತ್ತದೆ. ಅಂಥ ಗಾಳಿ ತಿರುಗುವುದಿಲ್ಲ, ನೇರ ಹೊಡೆಯುತ್ತದೆ. ಗುರುತಿಸುವ ಬಗೆ ಸುಲಭ: ಬಿದ್ದ ಹತ್ತಿಪ್ಪತ್ತು ಮರ, ಕಂಬಗಳ ದಿಕ್ಕನ್ನು ಫೋನಿನ ದಿಕ್ಸೂಚಿಯಲ್ಲಿ ನೋಡಿ ಬರೆದುಕೊಳ್ಳಿ. ಎಲ್ಲ ಒಂದೇ ಕಡೆಗೆ ಅಥವಾ ಬೀಸಣಿಗೆಯಂತೆ ಹೊರಕ್ಕೆ ಬಿದ್ದಿದ್ದರೆ ನೇರ ಗಾಳಿ. ಕಿರಿದಾದ ಪಟ್ಟಿಯಲ್ಲಿ ಎರಡೂ ಬದಿಯವು ನಡುವಿನ ಗೆರೆಯ ಕಡೆಗೆ, ಒಂದರ ಮೇಲೊಂದು ಅಡ್ಡ ಬಿದ್ದಿದ್ದರೆ ಸುಂಟರಗಾಳಿಯ ಶಂಕೆ.

ಮುಂಬಯಿಯಲ್ಲಿ ಮೇ ತಿಂಗಳಿನಲ್ಲಿ ತೇವ ಬೇಕಾದಷ್ಟಿದೆ, ಬಿಸಿಯೂ ಇದೆ. ಕೊರತೆ ನಾಲ್ಕನೆಯ ಸಾಮಗ್ರಿಯದು. ಜೆಟ್ ಆ ಹೊತ್ತಿಗೆ ಹಿಮಾಲಯದ ಕಡೆ ಸರಿದಿರುತ್ತದೆ, ನೆಲಕ್ಕೂ 6 ಕಿಲೋಮೀಟರ್ ಎತ್ತರಕ್ಕೂ ಗಾಳಿಯ ವ್ಯತ್ಯಾಸ ಸಾಲದು. ಮಾರ್ಚ್, ಏಪ್ರಿಲ್ ತಿಂಗಳ ಬಂಗಾಳದಲ್ಲಿ ಮಾತ್ರ ನಾಲ್ಕೂ ಕೂಡುತ್ತವೆ: ಕೆಳಗೆ ಕೊಲ್ಲಿಯ ತೇವ, ಮೇಲೆ ಛೋಟಾ ನಾಗಪುರದ ಒಣಗಾಳಿ, ಅದರ ಮೇಲೆ ಜೆಟ್. ಅಲ್ಲಿನ ಕಾಲಬೈಶಾಖಿ (ಬೇಸಿಗೆಯ ಗುಡುಗು ಬಿರುಗಾಳಿ) ಒಮ್ಮೊಮ್ಮೆ ಸುಂಟರಗಾಳಿ ಹೆರುವುದು ಇದರಿಂದ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಪ್ರದೇಶದಲ್ಲಿ ಸುಮಾರು 1,300 ಜನ ಸತ್ತರೆಂದು ಅಂದಾಜು. ಲೋಕದ ದಾಖಲೆಯಲ್ಲಿ ಅದಕ್ಕಿಂತ ಮಾರಕವಾದ ಸುಂಟರಗಾಳಿ ಇಲ್ಲ. ಬಡವರ ತಗಡಿನ ಮನೆ, ಎಚ್ಚರಿಕೆ ಕೊಡುವವರಿಲ್ಲ, ಅಷ್ಟು ಸಾವಿಗೆ ಇವು ದೊಡ್ಡ ಕಾರಣ.

ಮುಂಬಯಿಯ ನಿಜವಾದ ಅಪಾಯ ನೇರ ಗಾಳಿ ಮತ್ತು ದೊಡ್ಡ ಹಲಗೆ. ಗಾಳಿಯ ಒತ್ತಡ ಚದರ ಮೀಟರಿಗೆ 0.6 ಗುಣಿಸು ವೇಗದ ವರ್ಗ (ವೇಗ ಸೆಕೆಂಡಿಗೆ ಮೀಟರಿನಲ್ಲಿ, ಉತ್ತರ ನ್ಯೂಟನ್‌ನಲ್ಲಿ). ಘಾಟ್ಕೋಪರದ್ದು 120 ಅಡಿಗೆ 120 ಅಡಿ, ಅಂದರೆ ಸುಮಾರು 1,338 ಚದರ ಮೀಟರ್. ಗಾಳಿ ಗಂಟೆಗೆ 90 ಕಿಲೋಮೀಟರ್, ಅಂದರೆ ಸೆಕೆಂಡಿಗೆ 25 ಮೀಟರ್ ಎಂದಿಟ್ಟುಕೊಂಡರೆ ಚದರ ಮೀಟರಿಗೆ 375 ನ್ಯೂಟನ್, ಒಟ್ಟು 51 ಟನ್ ತೂಕದಷ್ಟು ತಳ್ಳು. ಮುಂಬಯಿಗೆ ಭಾರತೀಯ ಮಾನಕ ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್. ಅದರಲ್ಲಿ ಲೆಕ್ಕ ಹಾಕಿದರೆ 158 ಟನ್. ವೇಗ ಎರಡು ಪಟ್ಟಾಗುವ ಮುಂಚೆಯೇ ತಳ್ಳು ಮೂರು ಪಟ್ಟು! ಹೋರ್ಡಿಂಗಿಗೆ ನಗರದಲ್ಲಿದ್ದ ಗರಿಷ್ಠ ಮಿತಿ 40 ಅಡಿಗೆ 40 ಅಡಿ. ಅದರ ಮೇಲೆ ಬೀಳುವ ಬಲ ಇದರ ಒಂಬತ್ತನೆಯ ಒಂದು ಭಾಗ. ಅಂದು ಪೆಟ್ರೋಲ್ ಪಂಪಿನಲ್ಲಿ ನಿಂತಿದ್ದ 17 ಜನ ಸತ್ತದ್ದಕ್ಕೆ ಎಲ್ ನಿನೊವನ್ನು ಕರೆತರುವ ಅಗತ್ಯವೇ ಇಲ್ಲ. ಮೇ ತಿಂಗಳ ಇಂಥ ಗಾಳಿ ಪ್ರತಿ ವರ್ಷದ್ದು. ಮೋಡ ಕಪ್ಪಿಟ್ಟು ಇದ್ದಕ್ಕಿದ್ದಂತೆ ತಂಪುಗಾಳಿ ಮುಖಕ್ಕೆ ಬಡಿದರೆ ಹೋರ್ಡಿಂಗ್, ಪತ್ರಾ ಶೆಡ್, ಬಿದಿರಿನ ಪರಾಂಚಿ (ಕಟ್ಟಡದ ಸಾರುವೆ), ಹಳೆಯ ಗುಲ್‌ಮೊಹರ್ ಮರ ಇವುಗಳ ಎತ್ತರಕ್ಕಿಂತ ಹೆಚ್ಚು ದೂರ ನಿಲ್ಲಿ.

ಪ್ರಶ್ನೆ: ಹಾಗಾದರೆ ಭೂಮಿ ಬಿಸಿಯಾಗುತ್ತಿರುವುದರಿಂದ ಸುಂಟರಗಾಳಿ ಹೆಚ್ಚುತ್ತಿದೆಯೇ ಇಲ್ಲವೇ? ನೇರ ಹೇಳಿ.
(ಓದುಗರು, ಠಾಣೆ)

ಉತ್ತರ: ಒಟ್ಟು ಸಂಖ್ಯೆ ಹೆಚ್ಚಿಲ್ಲ. ಹಂಚಿಕೆ ಬದಲಾಗಿದೆ. 2014ರ ಬ್ರೂಕ್ಸ್ ಮತ್ತಿತರರ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಕನಿಷ್ಠ ಒಂದು ಎಫ್‌1 ಅಥವಾ ಮೇಲಿನ ಸುಂಟರಗಾಳಿ ಕಂಡ ದಿನಗಳು 1970ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 150 ಇದ್ದದ್ದು 2000ದ ದಶಕದಲ್ಲಿ ಸುಮಾರು 100ಕ್ಕೆ ಇಳಿದಿವೆ, ಆದರೆ ಒಂದೇ ದಿನ 30ಕ್ಕೂ ಹೆಚ್ಚು ಏಳುವ ದಿನಗಳು ಏರಿವೆ. ಟಿಪ್ಪೆಟ್ ಮತ್ತು ಕೋಹೆನ್ 2016ರಲ್ಲಿ ಕಂಡುಕೊಂಡಂತೆ ವರ್ಷದ ದಾಳಿಗಳ ಸಂಖ್ಯೆ ಹೆಚ್ಚೂಕಡಿಮೆ ಅಷ್ಟೇ ಇದೆ, ಒಂದು ದಾಳಿಯಲ್ಲಿ ಏಳುವ ಸುಂಟರಗಾಳಿ ಸರಾಸರಿ 10ರಿಂದ 15ಕ್ಕೆ ಏರಿದೆ. ಜೊತೆಗೆ ಒಕ್ಲಹೋಮ, ಟೆಕ್ಸಾಸಿನ ಬಯಲಿನಿಂದ ಪೂರ್ವಕ್ಕೆ, ಮಿಸಿಸಿಪಿ, ಟೆನೆಸ್ಸಿ ಕಡೆಗೆ ಅವು ವಾಲುತ್ತಿವೆ. ಅಲ್ಲಿ ಕಾಡು, ಗುಡ್ಡ, ರಾತ್ರಿಯ ಗಾಳಿ, ಚಕ್ರದ ಮೇಲಿನ ಹಗುರ ಮನೆಗಳು ಹೆಚ್ಚು. ಸಾವೂ ಹೆಚ್ಚು.

ಕಾರಣದ ಪ್ರಶ್ನೆಯಲ್ಲಿ ಎಚ್ಚರ ಬೇಕು. ಬಿಸಿಯಾದ ಲೋಕದಲ್ಲಿ ಗಾಳಿಯ ತೇವ, ಆ ಮೂಲಕ ಕೇಪ್ ಏರಬೇಕು ಎಂಬುದು ಎಣಿಕೆ. ಆದರೆ ದಾಳಿಗಳು ದೊಡ್ಡದಾದ ಕಾಲಕ್ಕೆ ತಾಳೆಯಾದದ್ದು ಕೇಪ್ ಅಲ್ಲ, ಕೆಳಮಟ್ಟದ ಗಾಳಿಯ ತಿರುಚು ಎಂದು ಟಿಪ್ಪೆಟ್ ಅವರ ತಂಡವೇ ತೋರಿಸಿತು. ಅದು ಬಿಸಿಯೇರಿಕೆಯ ಫಲವೋ, ದಶಕಗಳಲ್ಲಿ ತಾನೇ ಏರಿಳಿಯುವ ಹವಾಮಾನದ ಓಲಾಟವೋ ತೀರ್ಮಾನವಾಗಿಲ್ಲ. ಉಷ್ಣಮಾರುತ, ಭಾರಿ ಮಳೆಯ ವಿಷಯದಲ್ಲಿ ಬಿಸಿಯೇರಿಕೆಯ ಕೈವಾಡವನ್ನು ವಿಜ್ಞಾನ ಗಟ್ಟಿಯಾಗಿ ಹೇಳುತ್ತದೆ. ಸುಂಟರಗಾಳಿಯ ವಿಷಯದಲ್ಲಿ ಆ ಗಟ್ಟಿತನ ಇನ್ನೂ ಇಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಮೊದಲನೆಯದರ ಮೇಲಿನ ನಂಬಿಕೆಯೂ ಕೆಡುತ್ತದೆ.

ಪ್ರಶ್ನೆ: ಏಪ್ರಿಲ್ ಮಧ್ಯಾಹ್ನ ಸೈಟಿನಲ್ಲಿ ಧೂಳು, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಏಳುವ ಗಾಳಿಗೂ ನಮ್ಮೂರಲ್ಲಿ ಸುಂಟರಗಾಳಿ ಎನ್ನುತ್ತೇವೆ. ಅದೂ ಇದೇನಾ?
(ಕಟ್ಟಡ ಮೇಸ್ತ್ರಿ, ಹಡಪ್ಸರ್, ಊರು ವಿಜಯಪುರ)

ಉತ್ತರ: ಹೆಸರು ಒಂದೇ, ಹುಟ್ಟು ಬೇರೆ. ಅದು ಸುಳಿಗಾಳಿ, ಕೆಲವು ಕಡೆ ದೆವ್ವಗಾಳಿ. ಮೇಲೆ ಮೋಡವೇ ಇರದ ಸುಡುಬಿಸಿಲಿನಲ್ಲಿ ಕಾದ ನೆಲದಿಂದ ಮೇಲಕ್ಕೆ ಏಳುತ್ತದೆ. ಟೊರ್ನಾಡೊಗೆ ಮೇಲಿನ ಮೋಡವೇ ತಾಯಿ. ನಿಮ್ಮ ಸೈಟಿನಲ್ಲಿ ಅದಕ್ಕೆ ಹೆದರಬೇಕಾದದ್ದು ಬಿಡಿ ತಗಡು, ಪ್ಲೈ ಹಲಗೆ, ಸಿಮೆಂಟ್ ಧೂಳು. ಹಗ್ಗ ಬಿಗಿದು, ಮೇಲೆ ಭಾರ ಹೇರಿ ಇಡಿ. ಗಾಳಿ ಬಂದಾಗ ಬೆನ್ನು ಕೊಟ್ಟು ಕಣ್ಣು ಮುಚ್ಚಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಊರಲ್ಲಿ ಕಾಯುವ ಆ ಅಡ್ಡಮಳೆಯ ದಿನಗಳಲ್ಲಿ ಸುಳಿಗಾಳಿಗಿಂತ ಸಿಡಿಲಿಗೆ ಹೆಚ್ಚು ಅಂಜಿ. ಗುಡುಗು ಕೇಳಿತೆಂದರೆ ಸ್ಲ್ಯಾಬಿನ ಮೇಲಿಂದ, ಕ್ರೇನಿನ ಬಳಿಯಿಂದ ಎಲ್ಲರನ್ನೂ ಇಳಿಸಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹತ್ತಿಸಬೇಡಿ.

ಪ್ರಶ್ನೆ: ಮಳೆಗಾಲದ ಆರಂಭದಲ್ಲಿ ಮೋಡದಿಂದ ಸಮುದ್ರಕ್ಕೆ ಆನೆ ಸೊಂಡಿಲಿನಂತೆ ಇಳಿದದ್ದನ್ನು ದೋಣಿಯವರು ಮೊಬೈಲಿನಲ್ಲಿ ತೋರಿಸಿದರು. ದೋಣಿಗೆ ಅಪಾಯವೇ? ಎಲ್ ನಿನೊ ವರ್ಷ ಹೆಚ್ಚು ಬರುತ್ತದೆಯೇ?
(ಮೀನು ವ್ಯಾಪಾರಿ, ಬೈನಾ, ವಾಸ್ಕೊ)

ಉತ್ತರ: ಅದು ಜಲಸ್ತಂಭ. ಬಹುಪಾಲು ಸೂಪರ್‌ಸೆಲ್ ಅಲ್ಲದ, ಬೆಳೆಯುತ್ತಿರುವ ಸಾಮಾನ್ಯ ಮೋಡದ ಕೆಳಗೆ, ಗಾಳಿ ಮಂದವಾಗಿದ್ದಾಗ, ಬೆಚ್ಚಗಿನ ನೀರಿನ ಮೇಲೆ ಹುಟ್ಟುತ್ತದೆ. ಐದರಿಂದ ಹದಿನೈದು ನಿಮಿಷದಲ್ಲಿ ಕರಗುತ್ತದೆ, ದಡ ಹತ್ತಿದರೆ ಸಾಮಾನ್ಯವಾಗಿ ಬೇಗ ಸಾಯುತ್ತದೆ. ಸೊಂಡಿಲಿನಂತೆ ಕಾಣುವುದು ಸಮುದ್ರದಿಂದ ಹೀರಿದ ನೀರಲ್ಲ, ಗಾಳಿಯ ತೇವ ತಣಿದು ಕಟ್ಟಿದ ಮೋಡ. ಅದರ ಹುಟ್ಟು ಆ ದಿನದ, ಆ ಗಂಟೆಯ ಸ್ಥಳೀಯ ಗಾಳಿಯದು. ಎಲ್ ನಿನೊ ಲೆಕ್ಕ ಇಲ್ಲಿ ಹಾಕಲಾಗದು.

ಸಣ್ಣ ದೋಣಿಗೆ ಅಪಾಯ ಖಂಡಿತ ಇದೆ. ಮೊದಲ ಗುರುತು ನೀರಿನ ಮೇಲೆ ಕಾಣುವ ಕಪ್ಪು ದುಂಡು ಮಚ್ಚೆ, ಆಮೇಲೆ ಅದರ ಅಂಚಿನಲ್ಲಿ ತುಂತುರಿನ ಉಂಗುರ. ಸೊಂಡಿಲು ಮೇಲಿಂದ ಪೂರ್ತಿ ಇಳಿದು ಕಾಣುವಷ್ಟರಲ್ಲಿ ಕೆಳಗೆ ಗಾಳಿ ತಿರುಗುತ್ತಲೇ ಇರುತ್ತದೆ. ಅದು ಎತ್ತ ಸಾಗುತ್ತಿದೆ ಎಂದು ದಡದ ಒಂದು ಗುರುತಿಗೆ ಹೋಲಿಸಿ ಅರೆ ನಿಮಿಷ ನೋಡಿ, ಆ ದಾರಿಗೆ ಲಂಬವಾಗಿ ದೋಣಿ ತಿರುಗಿಸಿ. ಅದರ ಮುಂದೆ ಮುಂದೆ ಓಡುವುದು ತಪ್ಪು. ಗುರುತಿಗೆ ಹೋಲಿಸಿದಾಗ ಅದು ಆಚೀಚೆ ಸರಿಯದೆ ದಪ್ಪವಾಗುತ್ತ ಹೋದರೆ ನಿಮ್ಮ ಕಡೆಗೇ ಬರುತ್ತಿದೆ ಎಂದರ್ಥ, ಆಗ ನೋಡುತ್ತ ನಿಲ್ಲದೆ ಕೂಡಲೇ ಅಡ್ಡಕ್ಕೆ ಸರಿಯಿರಿ. ಬಲೆ ನೀರಲ್ಲಿದ್ದರೆ ಎಳೆಯುತ್ತ ಕೂರದೆ ತೇಲುಗುಂಡು ಕಟ್ಟಿ ಬಿಡಿ, ಎಲ್ಲರೂ ಲೈಫ್ ಜಾಕೆಟ್ ತೊಟ್ಟು ತಗ್ಗಿ ಕೂತುಕೊಳ್ಳಿ. ಅದು ಕರಗಿದ ಮೇಲೂ ಅದೇ ಮೋಡದ ಕೆಳಗೆ ಎರಡನೆಯದು, ಮೂರನೆಯದು ಇಳಿಯುವುದುಂಟು, ಆ ಮೋಡ ದಾಟುವವರೆಗೆ ಬಲೆಯ ಹತ್ತಿರ ಹಿಂದಿರುಗಬೇಡಿ.